‘ಏನೂ ಆಗಲ್ಲ ಬಾರೋ’ ಎನ್ನುವವರ ಮನಸ್ಸು

ತರೀಕೆರೆಯಿಂದ ಲಿಂಗದಹಳ್ಳಿ ದಾಟಿ, ಕಲ್ಲತ್ತಿಗಿರಿಯ ಮೇಲೆ ಹಾದು ಕೆಮ್ಮಣ್ಣುಗುಂಡಿ ಸೇರಿದರೆ ಅಲ್ಲಿಂದ ಝಡ್ ಪಾಯಿಂಟಿಗೆ ನಡೆದೇ ಹೋಗಬೇಕು. ಹೋಗುತ್ತ ಹೋಗುತ್ತ ಕಾಲುದಾರಿ ಕಿರಿದಾಗುತ್ತದೆ, ಪಕ್ಕದಲ್ಲೇ ಕಣಿವೆ. ಬರುವ ಪ್ರತಿ ಗುಂಪಿನಲ್ಲೂ ಅಂಚಿಗೆ ನಿಂತು ‘ಏನೂ ಆಗಲ್ಲ ಬಾರೋ’ ಎಂದು ಕರೆಯುವವನೊಬ್ಬ ಇರುತ್ತಾನೆ, ಅವನ ಅಂಗಿ ಹಿಡಿದು ಹಿಂದಕ್ಕೆಳೆಯುವವನೂ ಒಬ್ಬ ಇರುತ್ತಾನೆ. ನಾನು ಎಳೆಯುವವನು. ಕರೆಯುವವನು ನನ್ನ ಬಾಲ್ಯದ ಗೆಳೆಯ. ಊರಿನವರು ಅವನನ್ನು ಕಾಲಿಗೆ ಚಕ್ರ ಕಟ್ಟಿಕೊಂಡವನು ಎಂದರು, ಹುಂಬ ಎಂದರು. ಈ ಸ್ವಭಾವದ ಬಗ್ಗೆ ಮನಶ್ಶಾಸ್ತ್ರ ಏನೆಲ್ಲ ಹೇಳಿದೆ ಎಂದು ನಾನು ಓದತೊಡಗಿದ್ದು ಅವನಿಗಾಗಿಯೇ.

ವಿಚಾರ ಹಳೆಯದು. ಗೇಲನ್‌ನ ಪರಂಪರೆಯ ಗ್ರೀಕ್ ವೈದ್ಯಪದ್ಧತಿ ಉಲ್ಲಾಸವನ್ನು ರಕ್ತದ ಲೆಕ್ಕಕ್ಕೆ ಹಾಕಿತು. ಚರಕಸಂಹಿತೆ ವಾತ ಪ್ರಕೃತಿಯವರು ಬೇಗ ಆರಂಭಿಸುತ್ತಾರೆ ಎನ್ನುತ್ತದೆ, ಅದರ ಜೊತೆಗೇ ಬೇಗ ಹೆದರುತ್ತಾರೆ ಎಂದೂ ಹೇಳುತ್ತದೆ. ಚುರುಕು ಬೇರೆ, ಧೈರ್ಯ ಬೇರೆ ಎಂಬ ಸೂಕ್ಷ್ಮ ಅಲ್ಲೇ ಇತ್ತು. 1921ರಲ್ಲಿ ಕಾರ್ಲ್ ಯೂಂಗ್ ವ್ಯಕ್ತಿತ್ವದ ಮಾದರಿಗಳ ಕುರಿತ ತನ್ನ ಗ್ರಂಥದಲ್ಲಿ ಸದಾ ಹೊಸ ಸಾಧ್ಯತೆಯ ಬೆನ್ನು ಹತ್ತುವವನನ್ನು ವರ್ಣಿಸಿದ: ಬಿತ್ತಿದ ಹೊಲವನ್ನು ಬಿಟ್ಟು ಹೊರಡುವವನು, ಕೊಯ್ಲು ಬೇರೆಯವರ ಪಾಲು. ಅಡಿಕೆ ಸಸಿ ನೆಟ್ಟು ವರ್ಷಗಟ್ಟಲೆ ಫಸಲಿಗೆ ಕಾಯುವ ನಮ್ಮ ಸೀಮೆಯಲ್ಲಿ ಇಂಥವನನ್ನು ಯಾರೂ ನೆಚ್ಚಿಕೊಳ್ಳದಿರುವುದು ಸಹಜವೇ.

ಮೈಸೂರಿನಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾದದ್ದು 1924ರಲ್ಲಿ. ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್‌ರ ಬಳಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿ ಅದನ್ನು ಕಟ್ಟಿದರು. 1935ರಲ್ಲಿ ಅದೇ ಪ್ರಾಧ್ಯಾಪಕರು ತಮ್ಮ ಮನೆಯಲ್ಲೇ ಸಣ್ಣದೊಂದು ಪ್ರೇಷಕ ಇಟ್ಟು ರೇಡಿಯೊ ಕೇಂದ್ರ ತೆರೆದರು. ‘ಆಕಾಶವಾಣಿ’ ಎಂದು ಹೆಸರಾದದ್ದು ಅದು. ಹೊಸದಕ್ಕೆ ಕೈಹಾಕುವ ಮನಸ್ಸಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಬೇಕಿಲ್ಲ. ಆದರೆ ಆ ಕಾಲದ ಅಳತೆಗಳ ಗಮನವೆಲ್ಲ ಬುದ್ಧಿಯ ಮೇಲಿತ್ತು. ವಿ.ವಿ. ಕಾಮತರು ಬಿನೆ ಬುದ್ಧಿ ಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿದ್ದೂ ಆಗಲೇ. ಮನಸ್ಸಿನ ಒಳಸುಳಿಗಳನ್ನು ಕನ್ನಡ ಓದುಗರ ಮನೆಗೆ ತಂದವರಲ್ಲಿ ಡಾ. ಎಂ. ಶಿವರಾಂ ಮುಖ್ಯರು, ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಸಾಹಸದ ಹಸಿವನ್ನೇ ಅಳೆಯಲು ಹೊರಟವರು ಅಮೆರಿಕದ ಮಾರ್ವಿನ್ ಝುಕರ್‌ಮನ್. ಅವರ ಕೆಲಸ ಶುರುವಾದದ್ದು ಬೆಟ್ಟದ ಮೇಲಲ್ಲ, ಬೆಳಕೂ ಸದ್ದೂ ಇಲ್ಲದ ಕೋಣೆಯಲ್ಲಿ. ಅಲ್ಲಿ ಕೂಡಿಹಾಕಿದಾಗ ಕೆಲವರು ಸುಮ್ಮನಿದ್ದರು, ಕೆಲವರು ಚಡಪಡಿಸಿದರು. ಆ ವ್ಯತ್ಯಾಸದ ಜಾಡು ಹಿಡಿದು 1964ರಲ್ಲಿ ಮೊದಲ ಪ್ರಶ್ನಾವಳಿ ಬಂತು. 1978ರ ಆವೃತ್ತಿಯ 40 ಪ್ರಶ್ನೆಗಳು ನಾಲ್ಕು ಎಳೆಗಳನ್ನು ಬಿಡಿಸಿಟ್ಟವು: ಎತ್ತರ, ವೇಗಗಳ ರೋಮಾಂಚನ; ಹೊಸ ಅನುಭವದ ಹಂಬಲ; ಕಟ್ಟುಪಾಡು ಕಳಚುವ ಆಸೆ; ಬೇಸರವನ್ನು ತಾಳಲಾರದಿರುವುದು. ಎಲ್ಲವೂ ಒಬ್ಬರಲ್ಲೇ ಸಮನಾಗಿ ಇರಬೇಕೆಂದೇನಿಲ್ಲ. ಸೂಫಿ, ನಾಥ ಪಂಥಗಳ ನೆಲೆಗಳನ್ನು ಹುಡುಕಿ ಊರೂರು ತಿರುಗಿದ ನಮ್ಮ ತಾಲ್ಲೂಕಿನ ರಹಮತ್ ತರೀಕೆರೆಯವರ ಬರಹ ಓದಿದವರಿಗೆ ಗೊತ್ತು, ತಿರುಗಾಟವೆಂದರೆ ಬಂಡೆ ಹತ್ತುವುದಷ್ಟೇ ಅಲ್ಲ.

ಝುಕರ್‌ಮನ್‌ರ ಇನ್ನೊಂದು ಮಾತು ನನ್ನ ಕಣ್ಣು ತೆರೆಸಿತು. ಇಂಥವರು ಅಪಾಯವನ್ನು ಅರಸಿ ಹೋಗುವುದಿಲ್ಲ. ಅನುಭವ ಬೇಕು, ಅದಕ್ಕೆ ತೆರಬೇಕಾದ ಬೆಲೆಯಾಗಿ ಅಪಾಯವನ್ನು ಒಪ್ಪಿಕೊಳ್ಳುತ್ತಾರೆ. ‘ಬೀಳ್ತೀಯ, ಬೀಳ್ತೀಯ’ ಎಂದು ಇಷ್ಟು ವರ್ಷ ನಾನು ಕೂಗಿದ್ದು ನನ್ನ ಗೆಳೆಯನಿಗೆ ಮೊದಲೇ ಗೊತ್ತಿದ್ದ ವಿಷಯವನ್ನೇ. ಈ ಹಸಿವು ಹದಿಹರೆಯದ ಕೊನೆಯಲ್ಲಿ, ಇಪ್ಪತ್ತರ ಆಸುಪಾಸಿನಲ್ಲಿ ಏರಿ ವಯಸ್ಸಾದಂತೆ ಇಳಿಯುತ್ತದೆ ಎಂಬುದನ್ನು ಮಕ್ಕಳ ಬಗ್ಗೆ ಕಂಗಾಲಾಗುವ ತಂದೆತಾಯಿ ತಿಳಿದಿರಬೇಕು.

ಆಶಾವಾದದ ಅಧ್ಯಯನ ಬೇರೆಯೇ ದಾರಿಯಲ್ಲಿ ಬೆಳೆಯಿತು. 1980ರಲ್ಲಿ ನೀಲ್ ವೈನ್‌ಸ್ಟೈನ್ 42 ಘಟನೆಗಳ ಪಟ್ಟಿಯನ್ನು ವಿದ್ಯಾರ್ಥಿಗಳ ಮುಂದಿಟ್ಟರು. ಒಳ್ಳೆಯದು ಆದರೆ ತಮಗೆ, ಕೆಟ್ಟದ್ದು ಆದರೆ ಬೇರೆಯವರಿಗೆ ಎಂದೇ ಒಟ್ಟಾರೆ ಅವರ ಅಂದಾಜು ವಾಲಿತ್ತು. 1985ರಲ್ಲಿ ಶೈಯರ್ ಮತ್ತು ಕಾರ್ವರ್ ಆಶಾವಾದವನ್ನು ಬದುಕಿನ ಒಟ್ಟು ನಿರೀಕ್ಷೆಯಾಗಿ ಅಳೆದರು. ಕಷ್ಟ ಬಂದಾಗ ಆಶಾವಾದಿಗಳು ಕೈಚೆಲ್ಲದೆ ದಾರಿ ಹುಡುಕುತ್ತಾರೆ ಎಂಬ ಇನ್ನೊಂದು ಮುಖವೂ ಕಂಡಿತು. ಸಾಹಸದ ಹಸಿವು ಬೇರೆ, ಈ ಆಶಾವಾದ ಬೇರೆ. ಹಾಗಾಗಿ ಅಂಚಿಗೆ ನಿಂತವರೆಲ್ಲ ‘ನನಗೇನೂ ಆಗಲ್ಲ’ ಎಂದು ನಂಬಿದವರಲ್ಲ. ಹಾಗೆ ನಂಬಿದ ಎಷ್ಟೋ ಜನ ಮನೆಯ ಜಗಲಿಯಲ್ಲೇ ಕೂತಿರುತ್ತಾರೆ, ಎದೆನೋವು ಬಂದರೂ ಆಸ್ಪತ್ರೆಗೆ ಹೋಗದೆ.

1996ರಲ್ಲಿ ಡೋಪಮೈನ್ ಗ್ರಾಹಕದ ಒಂದು ಜೀನಿಗೂ ಹೊಸತನದ ಹಂಬಲಕ್ಕೂ ನಂಟಿದೆ ಎಂಬ ಸುದ್ದಿ ಹಬ್ಬಿತು. ಆಮೇಲಿನ ಅಧ್ಯಯನಗಳಲ್ಲಿ ಆ ನಂಟು ಸಡಿಲವಾಯಿತು. ಎನಿಯಾಗ್ರಾಮ್ ಎಂಬ ಒಂಬತ್ತು ಮಾದರಿಗಳ ಪದ್ಧತಿಯಲ್ಲಿ ಏಳನೆಯದು ಇದೇ ಉತ್ಸಾಹಿ. ನೋವಿನಿಂದ ತಪ್ಪಿಸಿಕೊಳ್ಳಲು ಓಡುವವನು ಎಂಬ ಅದರ ವಿವರಣೆ ಆಕರ್ಷಕ, ಆದರೆ ಪುರಾವೆ ತೆಳು. ಮನುಷ್ಯನನ್ನು ಸಂಖ್ಯೆಯೊಂದರಲ್ಲಿ ಮುಗಿಸುವುದಕ್ಕಿಂತ ಯಾವ ಎಳೆ ಎಷ್ಟಿದೆ ಎಂದು ನೋಡುವ ದಾರಿಯೇ ನನಗೆ ಸರಿ ಕಾಣುತ್ತದೆ. ನನ್ನ ಗೆಳೆಯನಲ್ಲಿ ದಪ್ಪಗಿರುವುದು ನಾಲ್ಕನೆಯ ಎಳೆ. ಮಾತಿನ ನಡುವೆ ಅವನು ಎದ್ದು ಹೋದದ್ದನ್ನು ತಾತ್ಸಾರವೆಂದು ನೊಂದುಕೊಂಡೆನಲ್ಲ, ಆ ವರ್ಷಗಳ ಬಗ್ಗೆ ಈಗ ಮರುಕವಾಗುತ್ತದೆ.

ಕಳೆದ ಮಳೆಗಾಲ ಮುಗಿದ ಮೇಲೆ ಮತ್ತೆ ಹೋದೆವು. ಅಂಗಿ ಹಿಡಿಯಲಿಲ್ಲ. ‘ಹುಲ್ಲು ಇನ್ನೂ ಒದ್ದೆ ಇದೆ ಕಣೋ, ಹಿಂದೆ ಹುಡುಗರು ಬರ್ತಿದಾರೆ, ಗಟ್ಟಿ ನೆಲ ಎಲ್ಲಿದೆ ನೋಡು’ ಎಂದೆ. ಅವನು ಕೋಲೊಂದನ್ನು ಎತ್ತಿಕೊಂಡು, ನೆಲ ಕುಟ್ಟಿ ನೋಡುತ್ತ ಮುಂದೆ ನಡೆದ.