ಉಪ್ಪುಕಾಗದದ ಮೇಲಿನ ಕ್ಷೌರ

1959ರಲ್ಲಿ ಅಮೆರಿಕದ ಟೀವಿಯಲ್ಲಿ ಶೇವಿಂಗ್ ಕ್ರೀಮಿನ ಒಂದು ಜಾಹೀರಾತು ಬರುತ್ತಿತ್ತು. ಕೋಲ್ಗೇಟ್-ಪಾಮೋಲಿವ್ ಕಂಪನಿಯ ‘ರ‍್ಯಾಪಿಡ್ ಶೇವ್’ ಅದು. ಬಡಗಿಗಳು ಮರ ಉಜ್ಜಲು ಬಳಸುವ ಉಪ್ಪುಕಾಗದದ ಮೇಲೆ ಕ್ರೀಮ್ ಹಚ್ಚುತ್ತಾರೆ; ಮರುಕ್ಷಣವೇ ರೇಜರ್ ಒಂದು ಸಲ ಎಳೆದರೆ ಸಾಕು, ಒರಟೆಲ್ಲ ಹೋಗಿ ನುಣ್ಣನೆಯ ಪಟ್ಟಿ ಉಳಿಯುತ್ತದೆ. ಉಪ್ಪುಕಾಗದವನ್ನೇ ಬೋಳಿಸುವ ಕ್ರೀಮಿಗೆ ಗಡ್ಡ ಯಾವ ಲೆಕ್ಕ ಎಂದು ನೋಡಿದವರಿಗೆ ಅನ್ನಿಸಲೇಬೇಕು. ಆದರೆ ಕ್ಯಾಮೆರಾದ ಮುಂದೆ ಇದ್ದದ್ದು ಉಪ್ಪುಕಾಗದವೇ ಅಲ್ಲ, ಪ್ಲೆಕ್ಸಿಗ್ಲಾಸ್ ಹಾಳೆಯ ಮೇಲೆ ಉದುರಿಸಿದ್ದ ಮರಳು. ನಿಜವಾದ ಉಪ್ಪುಕಾಗದವನ್ನು ಹಾಗೆ ಬೋಳಿಸಲು ಸುಮಾರು 80 ನಿಮಿಷ ನೆನೆಸಬೇಕಿತ್ತು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಇದನ್ನು ಪ್ರಶ್ನಿಸಿತು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೂ ಹೋಗಿ, 1965ರ ಏಪ್ರಿಲ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರನ್ ತೀರ್ಪು ಬರೆದರು. ಎಐ ವಿಡಿಯೋಗಳನ್ನು ಜಾಹೀರಾತಿನಲ್ಲಿ ಹೇಗೆ ಬಳಸಬೇಕು ಎಂಬ ಇವತ್ತಿನ ಪ್ರಶ್ನೆಗೆ ಅರವತ್ತು ವರ್ಷ ಹಿಂದಿನ ಆ ತೀರ್ಪಿನಲ್ಲೇ ಬಹುಪಾಲು ಉತ್ತರ ಇದೆ ಎಂಬುದು ನನ್ನ ವಾದ.

ಕೋರ್ಟು ಅಲ್ಲಿ ಎರಡು ಸುಳ್ಳುಗಳನ್ನು ಬೇರೆ ಬೇರೆ ಮಾಡಿ ನೋಡಿತು. ಕ್ರೀಮ್ ಹಚ್ಚಿದ ಕೂಡಲೇ ಉಪ್ಪುಕಾಗದ ಬೋಳಾಗುತ್ತದೆ ಎಂಬುದು ಒಂದು. ‘ಪರೀಕ್ಷೆ ನಿಮ್ಮ ಕಣ್ಣೆದುರೇ ನಡೆಯುತ್ತಿದೆ’ ಎಂದು ನಂಬಿಸಿದ್ದು ಇನ್ನೊಂದು. ಮೊದಲನೆಯದು ನಿಜವೇ ಆಗಿದ್ದರೂ ಎರಡನೆಯದು ವಂಚನೆಯೇ ಎಂದು ಕೋರ್ಟು ಹೇಳಿತು. ನ್ಯಾಯಮೂರ್ತಿ ಜಾನ್ ಹಾರ್ಲನ್ ಇದಕ್ಕೆ ಒಪ್ಪದೆ ಭಿನ್ನ ತೀರ್ಪು ಬರೆದರು. ಗ್ರಾಹಕನಿಗೆ ಬೇಕಾದದ್ದು ವಸ್ತು ಹೇಳಿದಂತೆ ಕೆಲಸ ಮಾಡುತ್ತದೆಯೇ ಎಂಬುದಷ್ಟೆ, ಸ್ಟುಡಿಯೋದಲ್ಲಿ ಏನನ್ನು ಇಟ್ಟು ಚಿತ್ರ ತೆಗೆದರು ಎಂಬುದು ಅವನಿಗೆ ಯಾಕೆ ಎಂಬುದು ಅವರ ತರ್ಕ. ಇದನ್ನು ಹಗುರವಾಗಿ ತಳ್ಳಿಹಾಕಲು ಬರುವುದಿಲ್ಲ. ಆದರೆ ಕಂಪನಿಯ ಮಾತನ್ನು ನಂಬುವುದು ಬೇರೆ, ತನ್ನ ಕಣ್ಣನ್ನು ನಂಬುವುದು ಬೇರೆ. ಮಾತಿಗೆ ಗ್ರಾಹಕ ಒಂದಿಷ್ಟು ಅನುಮಾನ ಇಟ್ಟುಕೊಂಡೇ ಕಿವಿಗೊಡುತ್ತಾನೆ. ಕಣ್ಣಾರೆ ಕಂಡಾಗ ಆ ಅನುಮಾನವನ್ನು ತಾನೇ ಕೈಬಿಡುತ್ತಾನೆ. ಅವನಿಂದ ಆ ಅನುಮಾನವನ್ನು ಕಸಿದುಕೊಳ್ಳುವುದಕ್ಕಾಗಿಯೇ ಪರೀಕ್ಷೆ ತೋರಿಸುವುದು. ಹಾಗಿದ್ದಮೇಲೆ ಪರೀಕ್ಷೆ ನಿಜವಾಗಿರಲೇಬೇಕು. ಇದೇ ತೀರ್ಪು ಇನ್ನೊಂದು ಕಡೆ ಉದಾರವಾಗಿದೆ. ಸ್ಟುಡಿಯೋ ದೀಪದ ಬಿಸಿಗೆ ಐಸ್‌ಕ್ರೀಮ್ ಕರಗುತ್ತದೆಂದು ಅದರ ಬದಲು ಬೇಯಿಸಿ ಹಿಸುಕಿದ ಆಲೂಗಡ್ಡೆ ಇಟ್ಟು ಕಥಾದೃಶ್ಯ ಚಿತ್ರೀಕರಿಸಿದರೆ ತಪ್ಪಿಲ್ಲ. ಐಸ್‌ಕ್ರೀಮಿನ ಗುಣಕ್ಕೆ ಅದನ್ನೇ ಸಾಕ್ಷಿಯಾಗಿ ತೋರಿಸಿದರೆ ತಪ್ಪು. ಅಲಂಕಾರಕ್ಕೆ ಇರುವ ಚಿತ್ರ ಯಾವುದು, ಪುರಾವೆಯಾಗಿ ನಿಂತಿರುವ ಚಿತ್ರ ಯಾವುದು ಎಂದು ಗೆರೆ ಎಳೆದದ್ದು ಹೀಗೆ.

ಈ ಗೆರೆ ದಾಟಿದವರೆಲ್ಲ ಹೆಚ್ಚುಕಡಿಮೆ ಒಂದೇ ಸಮರ್ಥನೆ ಕೊಟ್ಟಿದ್ದಾರೆ: ನಿಜವನ್ನು ತೋರಿಸಲೆಂದೇ ಕೃತಕ ಮಾಡಿದೆವು. ಟೀವಿಯಲ್ಲಿ ನಿಜವಾದ ಉಪ್ಪುಕಾಗದ ಬರಿಯ ಬಣ್ಣದ ಕಾಗದದಂತೆ ಕಾಣುತ್ತದೆ ಎಂದಿತ್ತು ಕೋಲ್ಗೇಟ್. 1960ರ ದಶಕದ ಕೊನೆಯಲ್ಲಿ ಕ್ಯಾಂಪ್‌ಬೆಲ್ ಸೂಪಿನ ಬಟ್ಟಲಿನ ತಳಕ್ಕೆ ಗೋಲಿಗಳನ್ನು ಹಾಕಿ, ತರಕಾರಿ ಚೂರುಗಳು ಮೇಲೆ ಬಂದು ದಟ್ಟವಾಗಿ ಕಾಣುವಂತೆ ಮಾಡಿದ್ದರು. ಗೋಲಿ ಇಲ್ಲದಿದ್ದರೆ ಚೂರುಗಳು ಮುಳುಗಿ ಸೂಪಿನಲ್ಲಿ ಏನಿದೆ ಎಂದೇ ತಿಳಿಯುವುದಿಲ್ಲ ಎಂಬುದು ಅವರ ಉತ್ತರವಾಗಿತ್ತು. 1990ರಲ್ಲಿ ವೋಲ್ವೋ ಸಾಲಾಗಿ ನಿಲ್ಲಿಸಿದ ಕಾರುಗಳ ಮೇಲೆ ದೈತ್ಯ ಟ್ರಕ್ಕು ಹತ್ತಿಸಿತು. ಉಳಿದ ಕಾರುಗಳೆಲ್ಲ ಅಪ್ಪಚ್ಚಿ, ವೋಲ್ವೋ ಮಾತ್ರ ಗಟ್ಟಿಯಾಗಿ ನಿಂತಿತು. ಅಸಲಿಗೆ ವೋಲ್ವೋದ ಒಳಗೆ ಆಧಾರ ಕೊಟ್ಟು ಬಲಪಡಿಸಿದ್ದರು, ಬೇರೆ ಕಾರುಗಳ ಛಾವಣಿ ಹೊರುವ ಕಂಬಗಳನ್ನು ಕೊಯ್ದು ದುರ್ಬಲಗೊಳಿಸಿದ್ದರು. ನಿಜವಾಗಿ ನಡೆದ ಪ್ರದರ್ಶನವೊಂದನ್ನೇ ಮರುಸೃಷ್ಟಿಸಿದ್ದೇವೆ ಎಂದು ಕಂಪನಿ ಹೇಳಿಕೊಂಡಿತು. ಟೆಕ್ಸಾಸಿನ ಅಟಾರ್ನಿ ಜನರಲ್ ಒಪ್ಪಲಿಲ್ಲ. ಜಾಹೀರಾತನ್ನು ವಾಪಸು ತೆಗೆದುಕೊಳ್ಳಬೇಕಾಯಿತು. ಗಟ್ಟಿಯಾದ ಕಾರು ಎಂಬ ವೋಲ್ವೋದ ಹೆಸರು ಸುಳ್ಳಾಗಿರಲಿಲ್ಲ. ತೋರಿಸಿದ ಪರೀಕ್ಷೆ ಮಾತ್ರ ಸುಳ್ಳಾಗಿತ್ತು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ಆ ಕಾಲದ ಮೋಸಗಳೆಲ್ಲ ಕುರುಹು ಬಿಟ್ಟಿವೆ. ಗೋಲಿ ಹಾಕಿದ ಕೈ ಇತ್ತು, ಕಂಬ ಕೊಯ್ದ ಗರಗಸ ಇತ್ತು, ಸುತ್ತ ನಿಂತು ನೋಡಿದ ಜನ ಇದ್ದರು. ಎಐ ವಿಡಿಯೋದಲ್ಲಿ ಇದೇನೂ ಇಲ್ಲ. ನಾಲ್ಕು ಸಾಲು ಬರೆದುಕೊಟ್ಟರೆ ಟ್ರಕ್ಕೂ ಕಾರೂ ಜನರೂ ಎಲ್ಲ ತಾವಾಗಿ ಮೂಡುತ್ತವೆ. ಸೆಟ್ಟಿನಲ್ಲಿ ಏನು ನಡೆಯಿತು ಎಂದು ಹೇಳಲು ಒಬ್ಬ ಲೈಟ್‌ಬಾಯ್ ಕೂಡ ಇಲ್ಲ. ತನಿಖೆಗೆ ಸಿಗುವ ಸಾಕ್ಷಿಯೇ ಮಾಯವಾದಾಗ ಹೊಣೆಯೆಲ್ಲ ಜಾಹೀರಾತು ಕೊಟ್ಟವನ ಮೇಲೆ ಬರುತ್ತದೆ. ಯಾವ ದೃಶ್ಯ ಕೃತಕ, ಯಾವುದು ನಿಜವಾಗಿ ಚಿತ್ರೀಕರಿಸಿದ್ದು ಎಂಬ ದಾಖಲೆಯನ್ನು ಅವನೇ ಇಟ್ಟುಕೊಳ್ಳಬೇಕು, ಕೇಳಿದಾಗ ತೋರಿಸಬೇಕು.

ಮುಖಗಳ ವಿಷಯಕ್ಕೂ ಇದೇ ಇತಿಹಾಸ ಮುಂದುವರಿಯುತ್ತದೆ. 1987ರಲ್ಲಿ ತೀರಿಕೊಂಡ ನಟ ಫ್ರೆಡ್ ಆಸ್ಟೇರ್ 1997ರ ಜಾಹೀರಾತಿನಲ್ಲಿ ವ್ಯಾಕ್ಯೂಮ್ ಕ್ಲೀನರ್ ಹಿಡಿದು ಕುಣಿದರು. ಅವರ ಹೆಂಡತಿಯ ಒಪ್ಪಿಗೆ ಇತ್ತು. ನಮ್ಮಲ್ಲಿ 2009ರಲ್ಲಿ ಅಗಲಿದ ವಿಷ್ಣುವರ್ಧನ್ 2016ರ ‘ನಾಗರಹಾವು’ ಚಿತ್ರದಲ್ಲಿ ಗ್ರಾಫಿಕ್ಸ್ ಮೂಲಕ ಮತ್ತೆ ತೆರೆಗೆ ಬಂದರು. 2021ರ ದೀಪಾವಳಿಗೆ ಕ್ಯಾಡ್‌ಬರಿ ಕಂಪನಿ ಶಾರುಖ್ ಖಾನ್ ಸಮ್ಮತಿ ಪಡೆದು, ಅಂಗಡಿಯವರು ತಮ್ಮ ಅಂಗಡಿಯ ಹೆಸರನ್ನು ಅವರ ಬಾಯಲ್ಲೇ ಹೇಳಿಸುವಂಥ ಎಐ ವಿಡಿಯೋ ಮಾಡಿಕೊಳ್ಳಲು ಅವಕಾಶ ಕೊಟ್ಟಿತು. ಆ ತಂತ್ರಜ್ಞಾನ ಬೆಂಗಳೂರಿನ ರೀಫ್ರೇಸ್ ಡಾಟ್ ಎಐ ಸಂಸ್ಥೆಯದು. ಸಣ್ಣ ಅಂಗಡಿಗಳಿಗೆ ಇದರಿಂದ ಎಂದೂ ಸಿಗದ ತಾರಾಬಲ ಸಿಕ್ಕಿತು, ನೋಡಿದವರು ಮೋಸಹೋಗಲಿಲ್ಲ. ಇದರ ಎದುರಿಗೆ ಇನ್ನೊಂದನ್ನು ಇಡಿ. ಟ್ರೇಡಿಂಗ್ ಆ್ಯಪ್‌ಗಳಲ್ಲಿ ಹಣ ಹೂಡಿ ಎಂದು ತಾನು ಹೇಳುತ್ತಿರುವ ನಕಲಿ ವಿಡಿಯೋಗಳ ಬಗ್ಗೆ ಇನ್ಫೋಸಿಸ್ ನಾರಾಯಣಮೂರ್ತಿ 2023ರ ಡಿಸೆಂಬರ್‌ನಲ್ಲಿ ಜನರನ್ನು ಎಚ್ಚರಿಸಬೇಕಾಯಿತು. ಮರುತಿಂಗಳೇ ಸಚಿನ್ ತೆಂಡೂಲ್ಕರ್ ಕೂಡ ತಮ್ಮ ಹೆಸರಿನ ನಕಲಿ ವಿಡಿಯೋ ಬಗ್ಗೆ ಎಚ್ಚರಿಸಿದರು. ಒಪ್ಪಿಗೆ ಇದೆಯೇ ಎಂಬುದು ಮೊದಲ ಪ್ರಶ್ನೆ, ನಿಜ. ಆದರೆ ಅದೊಂದೇ ಸಾಲದು. ಕೂದಲೆಣ್ಣೆ ಜಾಹೀರಾತಿನಲ್ಲಿ ‘ಮೂರು ತಿಂಗಳಲ್ಲಿ ನನಗೆ ಕೂದಲು ಬಂತು’ ಎಂದು ಎಐ ಹೆಂಗಸು ಹೇಳಿದರೆ ಅಲ್ಲಿ ಯಾರ ಮುಖವೂ ಕದ್ದಿದ್ದಲ್ಲ. ಆದರೂ ಅದು ಹುಟ್ಟದೇ ಇರುವ ಗ್ರಾಹಕಿಯ ಸಾಕ್ಷ್ಯ. ಪ್ಲೆಕ್ಸಿಗ್ಲಾಸಿನ ಮೇಲಿನ ಮರಳಿಗೂ ಅದಕ್ಕೂ ನನಗೆ ವ್ಯತ್ಯಾಸ ಕಾಣುವುದಿಲ್ಲ.

ಇಷ್ಟು ಬಿಗಿ ಮಾಡಿದರೆ ಸಣ್ಣ ವ್ಯಾಪಾರಿಗಳ ಗತಿ ಏನು ಎಂದು ಕೇಳುವವರಿದ್ದಾರೆ. ಮಾಡೆಲ್ಲಿಗೆ, ಸ್ಟುಡಿಯೋಗೆ ದುಡ್ಡಿಲ್ಲದ ಸೀರೆ ಅಂಗಡಿಯವರಿಗೆ ಎಐ ದೊಡ್ಡ ಆಸರೆ ಎಂಬುದು ಸತ್ಯ. ಅವರು ಎಐ ಮಾಡೆಲ್ ಬಳಸಲಿ, ಹಿನ್ನೆಲೆಗೆ ಹಂಪಿಯ ಕಲ್ಲುಮಂಟಪ ಬೇಕಾದರೂ ಹಾಕಲಿ. ಸೀರೆ ಮಾತ್ರ ಅಂಗಡಿಯಲ್ಲಿರುವ ಸೀರೆಯೇ ಆಗಿರಬೇಕು. ಅದರ ಬಣ್ಣ, ಅಂಚಿನ ಅಗಲ, ಜರಿಯ ಹೊಳಪು, ಸೆರಗಿನ ವಿನ್ಯಾಸವನ್ನು ಯಂತ್ರ ಕಲ್ಪಿಸಿಕೊಡಬಾರದು, ಏಕೆಂದರೆ ಕೊಳ್ಳುವವರು ದುಡ್ಡು ಕೊಡುವುದು ಅದಕ್ಕೇ. ಈ ನಿಯಮ ಪಾಲಿಸಲು ಹೆಚ್ಚು ಖರ್ಚಿಲ್ಲ, ಇರುವ ಸೀರೆಯನ್ನು ಬಿಡಿಸಿ ಫೋನಿನಲ್ಲೇ ವಿಡಿಯೋ ಮಾಡಿದರೆ ಆಯಿತು. ಮನೆ, ನಿವೇಶನದ ವಿಷಯದಲ್ಲಂತೂ ಕಾನೂನು ಆಗಲೇ ಸ್ಪಷ್ಟವಾಗಿದೆ: 2016ರ ರೇರಾ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಜಾಹೀರಾತಿನಲ್ಲಿದ್ದ ಸುಳ್ಳು ಮಾಹಿತಿ ನಂಬಿ ಹಣ ಕೊಟ್ಟು ನಷ್ಟ ಅನುಭವಿಸಿದವರಿಗೆ ಬಿಲ್ಡರ್ ಪರಿಹಾರ ಕೊಡಬೇಕು. ಬಡಾವಣೆಯ ಎಐ ವಿಡಿಯೋದಲ್ಲಿ ಕೆರೆ ತುಂಬಿ ತುಳುಕುತ್ತಿದ್ದರೆ ಅದಕ್ಕೂ ಇದೇ ಅಳತೆ ಅನ್ವಯಿಸಬೇಕು.

‘ಇದು ಎಐ ವಿಡಿಯೋ’ ಎಂದು ಒಂದು ಸಾಲು ಬರೆದರೆ ಸಾಕಲ್ಲವೇ ಎಂಬುದು ಉಳಿದ ಆಕ್ಷೇಪ. 2026ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಮಾಹಿತಿ ತಂತ್ರಜ್ಞಾನ ನಿಯಮಗಳ ತಿದ್ದುಪಡಿ ಕೃತಕ ವಿಡಿಯೋಗಳಿಗೆ ಎದ್ದುಕಾಣುವ ಗುರುತು ಇರಬೇಕೆನ್ನುತ್ತದೆ. ಅದು ಅಗತ್ಯವೇ. ಆದರೆ ಸುಳ್ಳು ಪರೀಕ್ಷೆಗೆ ಚೀಟಿ ಅಂಟಿಸಿದ ಮಾತ್ರಕ್ಕೆ ಅದು ನಿಜವಾಗುವುದಿಲ್ಲ, ಕನ್ನಡ ಜಾಹೀರಾತಿನ ಮೂಲೆಯಲ್ಲಿ ಇಂಗ್ಲಿಷಿನ ಸಣ್ಣಕ್ಷರದಲ್ಲಿ ಬರೆದರೆ ಓದುವವರೂ ಇಲ್ಲ. ದಾರಿತಪ್ಪಿಸುವ ಜಾಹೀರಾತುಗಳ ಬಗ್ಗೆ 2022ರ ಜೂನ್‌ನಲ್ಲಿ ಬಂದ ಕೇಂದ್ರದ ಮಾರ್ಗಸೂಚಿ, ಜಾಹೀರಾತಿನ ಮಾತು ಯಾವ ಭಾಷೆಯಲ್ಲಿದೆಯೋ ಸ್ಪಷ್ಟನೆಯೂ ಅದೇ ಭಾಷೆಯಲ್ಲಿರಬೇಕು ಎನ್ನುತ್ತದೆ. ಎಐ ಗುರುತಿಗೂ ಕನ್ನಡಿಗರು ಇದನ್ನೇ ಕೇಳಬೇಕು. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಮೊದಲ ಸಲಕ್ಕೆ 10 ಲಕ್ಷ, ಮರುಕಳಿಸಿದರೆ 50 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಅಂಥದ್ದು ಕಣ್ಣಿಗೆ ಬಿದ್ದರೆ ವಿಡಿಯೋ ಉಳಿಸಿಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ.