ಬೆರಕೆ ಸೊಪ್ಪು: ಸಾರ್ವಜನಿಕರ ಮಾಹಿತಿಗಾಗಿ

ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿ ಸೀಮೆಯಲ್ಲಿ ಮುಂಗಾರು ಮಳೆಯ ನಂತರ ಹೊಲ, ಬದು ಹಾಗೂ ಕೆರೆಯಂಚಿನಲ್ಲಿ ಬಿತ್ತದೆಯೇ ಹುಟ್ಟುವ ಅಣ್ಣೆ, ಗೋಣಿ, ಕನ್ನೆ, ತಗಚೆ, ಹೊನಗೊನ್ನೆ, ಗಣಿಕೆ ಮೊದಲಾದವುಗಳ ಎಳೆ ಕುಡಿಗಳನ್ನು ಕೂಡಿಸಿ ಬೇಯಿಸುವುದಕ್ಕೆ ಬೆರಕೆ ಸೊಪ್ಪು ಎನ್ನುವರು. ಕಾಳಿನೊಡನೆ ಬೇಯಿಸಿ, ಬಸಿದ ಕಟ್ಟಿನಿಂದ ಬಸ್ಸಾರು, ಉಳಿದುದರಿಂದ ಪಲ್ಯ ಮಾಡಿ ರಾಗಿಮುದ್ದೆಯೊಂದಿಗೆ ಉಣ್ಣಲಾಗುತ್ತದೆ. ಇವು ಪಹಣಿಯ ಬೆಳೆ ಕಾಲಂನಲ್ಲಿ ಬರುವಂಥವಲ್ಲ. ಕೃಷಿಯ ಲೆಕ್ಕದಲ್ಲಿ ಇವು ಕಳೆಗಳೇ ಸರಿ.

ಆದುದರಿಂದಲೇ ಕಳೆನಾಶಕಕ್ಕೆ ಇವು ಮೊದಲು ಗುರಿಯಾಗುತ್ತವೆ. ಗ್ಲೈಫೋಸೇಟ್‌ನಂತಹ ಔಷಧವು ಗಿಡದೊಳಗೆ ಸೇರುವುದರಿಂದ ಸೊಪ್ಪನ್ನು ಎಷ್ಟು ತೊಳೆದರೂ ಹೋಗದು. ಸಿಂಪಡಿಸಿದ ಹೊಲ, ತೋಟಗಳಿಂದ ಸೊಪ್ಪು ಕುಯ್ಯತಕ್ಕದ್ದಲ್ಲ. ಸಂದೇಹವಿದ್ದಲ್ಲಿ ಜಮೀನಿನವರನ್ನು ವಿಚಾರಿಸುವುದು. ಗುರುತು ಸಿಗದ ಸೊಪ್ಪನ್ನು ಬಿಟ್ಟುಬಿಡುವುದು ಲೇಸು. ಗೋಣಿ ಸೊಪ್ಪಿನಲ್ಲಿ ಆಕ್ಸಲೇಟ್ ಅಂಶ ಅಧಿಕ. ಬೇಯಿಸಿದಾಗ ಅದರಲ್ಲಿ ಸ್ವಲ್ಪ ಭಾಗ ನೀರಿಗೆ ಇಳಿಯುತ್ತದಾದರೂ ಬಸ್ಸಾರಿನಲ್ಲಿ ಆ ಕಟ್ಟನ್ನೇ ಬಳಸುವ ಕಾರಣ ಮೂತ್ರಪಿಂಡದ ಕಲ್ಲಿನ ತೊಂದರೆಯುಳ್ಳವರು ವೈದ್ಯರ ಸಲಹೆ ಪಡೆಯತಕ್ಕದ್ದು.

ಸೊಪ್ಪಿನ ಗುರುತು ಬಲ್ಲವರು ಬಹುತೇಕ ಹಿರಿಯ ಹೆಣ್ಣುಮಕ್ಕಳು. ಈ ತಿಳಿವಳಿಕೆ ಬರವಣಿಗೆಯಲ್ಲಿರುವುದು ವಿರಳ. ಜೀವವೈವಿಧ್ಯ ಅಧಿನಿಯಮ, 2002ರಂತೆ ಸ್ಥಳೀಯ ಸಂಸ್ಥೆಯ ಜೀವವೈವಿಧ್ಯ ನಿರ್ವಹಣಾ ಸಮಿತಿಯು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕಾಗಿರುತ್ತದೆ. ಇದರಲ್ಲಿ ಕಾಡುಸೊಪ್ಪುಗಳನ್ನು ಸೇರಿಸುವಂತೆ ಕೋರಿ ಗ್ರಾಮಸ್ಥರು ತಮ್ಮ ಗ್ರಾಮ ಪಂಚಾಯಿತಿಗೆ ಲಿಖಿತ ಮನವಿ ಸಲ್ಲಿಸಬಹುದು. ಮನವಿಯಲ್ಲಿ ಸೊಪ್ಪಿನ ಹೆಸರು, ದೊರೆಯುವ ಸ್ಥಳ, ಕಾಲ, ಬಳಸುವ ಭಾಗ ಇವಿಷ್ಟನ್ನು ತಿಳಿಸಿದರೆ ಅನುಕೂಲ. ಹೆಸರು ಊರಿಂದೂರಿಗೆ ಬೇರೆಯಾಗುವುದರಿಂದ ಮನೆಯಲ್ಲಿ ಕರೆಯುವಂತೆಯೇ ಬರೆಯುವುದು.