ವಾಡೇದ ಗುಟ್ಟು ಯಾರಿಗೆ ಗುಟ್ಟು?

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಹಳೇ ವಾಡೇದ ಮುಂದೆ ಹಾಯುವಾಗ ದನಿ ತಗ್ಗಿಸುವ ಹಿರಿಯರು ಈಗಲೂ ಇದ್ದಾರೆ. ‘ದೆವ್ವ ಐತೇನ್ ಯಜ್ಜಾ?’ ಅಂದರೆ ನಗುತ್ತಾರೆ. ಆ ಅಂಜಿಕೆ ದೆವ್ವದ್ದಲ್ಲ, ದಣಿಯದು.

ಹಳೇ ಮನೆ, ಹೂತಿಟ್ಟ ಪಾಪ, ಕೊನೆಗೆ ಬಯಲಾಗುವ ರಹಸ್ಯ: ಈ ಜಾತಿಯ ಕಾದಂಬರಿ 1764ರಲ್ಲಿ ಹೊರೇಸ್ ವಾಲ್ಪೋಲನ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ದಿಂದ ಶುರುವಾಯಿತೆನ್ನುತ್ತಾರೆ. ಅಲ್ಲಿ ಕೋಟೆ ಕಬಳಿಸಿದ ವಂಶ ಬೀಳುತ್ತದೆ, ನಿಜವಾದ ವಾರಸುದಾರ ದೊರೆಯಾಗುತ್ತಾನೆ. ಆಳುಮಕ್ಕಳು ಮಾತ್ರ ಹೆದರಿ ತೊದಲಿ ನಗಿಸುವುದಕ್ಕಿದ್ದಾರೆ. ಮನೆ ಯಾರಿಗೆ ಸೇರಬೇಕು ಎಂಬುದೇ ಅಲ್ಲಿನ ಪ್ರಶ್ನೆ. ಅದರ ಕಲ್ಲು ಹೊತ್ತವರಾರು ಎಂಬುದು ಪ್ರಶ್ನೆಯೇ ಅಲ್ಲ.

ನಮ್ಮ ಸೀಮೆಯ ಚರಿತ್ರೆಯನ್ನೂ ಬಹುಮಟ್ಟಿಗೆ ಹೀಗೇ ಬರೆದಿದ್ದಾರೆ. ನಿಜಾಮರ ಕಾಲದಲ್ಲಿ ಕೊಪ್ಪಳ ಸಾಲಾರಜಂಗ್ ಮನೆತನದ ಜಹಗೀರಾಗಿತ್ತು. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಡಳಿತ ಮುಗಿಯಿತು, 1949ರಲ್ಲಿ ಜಹಗೀರುಗಳು ರದ್ದಾದವು. ದೊರೆ ಬದಲಾದ ಕಥೆ ಇಷ್ಟೇ. ಊರೊಳಗಿನ ಗೌಡಕಿ, ಬಿಟ್ಟಿ ಚಾಕರಿ, ಬೇರೆ ಇಟ್ಟ ಚಹಾದ ಕಪ್ಪು ಕಾಗದದ ಮೇಲಿನ ರದ್ದತಿಗೆ ಜಗ್ಗಲಿಲ್ಲ.

ದೇವನೂರ ಮಹಾದೇವರ ‘ಕುಸುಮಬಾಲೆ’ (1984) ಈ ಕಥನವನ್ನು ತಿರುವಿಹಾಕಿತು. ಅದು ದೂರದ ನಂಜನಗೂಡು ಸೀಮೆಯ ನುಡಿಯದು, ಆದರೂ ನಮ್ಮದೇ. ಮೇಲ್ಜಾತಿಯ ಕುಸುಮಳನ್ನು ಪ್ರೀತಿಸಿದ ದಲಿತ ಹುಡುಗ ಚನ್ನ ಬೊಂಬಾಯಿಗೆ ಹೋದನೆಂಬುದು ಊರಿನ ಮಾತು. ಅವನನ್ನು ಕೊಂದದ್ದು ದೊಡ್ಡಮನೆಯ ಗುಟ್ಟು. ಇಲ್ಲಿ ಪತ್ತೇದಾರ ಬರುವುದಿಲ್ಲ. ರಾತ್ರಿ ಜೋತಮ್ಮಗಳು ಕೂಡಿ ಮಾತಾಡುತ್ತವೆ. ಒಳಗೆ ಉರಿಯುವ ದೀಪಕ್ಕೆ ಕಾಣದ್ದು ಏನಿದೆ? ಅಂದಮೇಲೆ ಗುಟ್ಟು ಎನ್ನುವುದು ಯಾರಿಗೂ ತಿಳಿಯದ್ದಲ್ಲ, ತಿಳಿದವರು ಬಾಯಿಬಿಡಲಾಗದ್ದು.

ಬಾಯಿಬಿಟ್ಟರೆ ಏನಾಗುತ್ತದೆ? ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ಕ್ಷೌರದಂಗಡಿ, ಹೋಟೆಲುಗಳ ಬಾಗಿಲು ತಮಗೂ ತೆರೆಯಬೇಕೆಂದು ದಲಿತರು ಕೇಳಿದ್ದರು. 2014ರ ಆಗಸ್ಟ್ 28ರಂದು ಅವರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷಗಳ ಮೇಲೆ, 2024ರ ಅಕ್ಟೋಬರಿನಲ್ಲಿ, ಕೊಪ್ಪಳದ ನ್ಯಾಯಾಲಯ 101 ಜನರಿಗೆ ಶಿಕ್ಷೆ ಕೊಟ್ಟಿತು. 98 ಜನರಿಗೆ ಜೀವಾವಧಿ. ಮರುತಿಂಗಳೇ ಹೈಕೋರ್ಟಿನಲ್ಲಿ ಬಹುತೇಕರಿಗೆ ಜಾಮೀನೂ ಸಿಕ್ಕಿತು. ಇದರಲ್ಲಿ ರಹಸ್ಯ ಎಲ್ಲಿದೆ? ಬೆಂಕಿಯನ್ನು ಇಡೀ ಊರು ನೋಡಿತ್ತು.

ಆದ್ದರಿಂದ ವಾಡೇದ ಕಥೆ ಬರೆಯುವ ಗೆಳೆಯರಿಗೆ ಒಂದೇ ಮಾತು: ನೆಲಮಾಳಿಗೆ ಅಗೆಯುವ ಮೊದಲು ಹಿತ್ತಲ ಬಾಗಿಲಿಗೆ ಬರ್ರಿ. ಕಸ ಹೊಡೆದವಳು, ಸತ್ತ ದನ ಎಳೆದವನು, ಕುಣಿ ತೋಡಿದವನು ಅಲ್ಲೇ ನಿಂತಾರ. ಅವರಿಗೆ ಎಲ್ಲಾ ಗೊತ್ತೈತಿ. ಕೇಳಿದವರಿಲ್ಲ, ಅಷ್ಟ.